ಇಲಿಯ ಮೀಸೆಯಿಂದ ಮೆದುಳಿಗೆ: ಮೊದಲ ಹತ್ತು ಮಿಲಿಸೆಕೆಂಡು ಅಳೆದ ನನ್ನ ಅನುಭವ

ಇಲಿಯ ಮೂತಿಯ ಮೇಲಿರುವ ಮೀಸೆಗಳಲ್ಲಿ ಒಂದೇ ಒಂದನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ನೋಡಿ. ಸುಮಾರು 7ರಿಂದ 10 ಮಿಲಿಸೆಕೆಂಡಿನಲ್ಲಿ ಮೆದುಳಿನ ಎದುರು ಬದಿಯಲ್ಲಿ, ಆ ಮೀಸೆಯದೇ ಆದ ಒಂದು ಪುಟ್ಟ ಜಾಗದಲ್ಲಿ ನ್ಯೂರಾನ್‌ಗಳು, ಅಂದರೆ ನರಕೋಶಗಳು, ಸ್ಪೈಕ್ ಎನ್ನುವ ಕ್ಷಣಿಕ ವಿದ್ಯುತ್ ಮಿಡಿತ ಕೊಡುತ್ತವೆ. ಪಕ್ಕದ ಮೀಸೆಯನ್ನು ತಳ್ಳಿದರೆ ಪಕ್ಕದ ಜಾಗ. ಈ ಪುಟ್ಟ ಜಾಗಗಳಿಗೆ ಬ್ಯಾರೆಲ್ ಎಂದು ಹೆಸರು. ಅವುಗಳೊಳಗೆ ಎಲೆಕ್ಟ್ರೋಡ್ ಇಳಿಸಿ ಸ್ಪೈಕ್ ಅಳೆಯುವುದು ನನ್ನ ಕೆಲಸ.

ಈ ವಿಷಯ ಓದುವವರಿಗೆ ಮೊದಲು ಸಿಗುವುದು ನಕ್ಷೆ. ಮುಖದ ಮೇಲೆ ಮೀಸೆಗಳು ಹೇಗೆ ಸಾಲಾಗಿ ಇವೆಯೋ ಮೆದುಳಿನಲ್ಲೂ ಹಾಗೆಯೇ ಸಾಲಾಗಿ ಬ್ಯಾರೆಲ್‌ಗಳಿವೆ. ಎಷ್ಟು ಚೆಂದದ ಚಿತ್ರ ಅಂದರೆ, ಹೆಚ್ಚಿನವರು ಅಲ್ಲಿಗೇ ನಿಂತುಬಿಡುತ್ತಾರೆ. ಕೆಲಸಕ್ಕೆ ಇಳಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಎಲ್ಲಿ ಅನ್ನುವುದನ್ನು ನಕ್ಷೆ ಹೇಳುತ್ತದೆ, ಸರಿ. ಆದರೆ ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಅತಿ ಸೂಕ್ಷ್ಮವಾಗಿ ಗಮನಿಸುವುದು ಯಾವಾಗ ಅನ್ನುವುದನ್ನು. ಒಂದೆರಡು ಮಿಲಿಸೆಕೆಂಡು ಆಚೀಚೆ ಆದರೆ ಅದರ ಉತ್ತರವೇ ಬದಲಾಗುತ್ತದೆ. ಹಾಗಾಗಿ ಈ ಪ್ರಯೋಗದಲ್ಲಿ ಮೀಸೆಯನ್ನು ಅಲುಗಿಸುವ ಸಾಧನಕ್ಕೆ ಕೊಡುವ ಗಮನ ಎಲೆಕ್ಟ್ರೋಡ್‌ಗೆ ಕೊಡುವುದಕ್ಕಿಂತ ಜಾಸ್ತಿಯೇ ಇರಬೇಕು. ಈ ಬರಹದಲ್ಲಿ ನಾನು ಹೇಳಹೊರಟಿದ್ದು ಮುಖ್ಯವಾಗಿ ಇದನ್ನೇ.

ಮೊದಲು ದಾರಿ ಗೊತ್ತಿರಲಿ. ಇಲಿಯ ಮುಖದ ಪ್ರತಿ ಬದಿಯಲ್ಲಿ 30ಕ್ಕೂ ಹೆಚ್ಚು ದೊಡ್ಡ ಮೀಸೆಗಳಿವೆ. ಅವು ಮೇಲಿಂದ ಕೆಳಗೆ ಎ, ಬಿ, ಸಿ, ಡಿ, ಇ ಎಂಬ ಐದು ಸಾಲುಗಳಲ್ಲಿವೆ. ಪ್ರತಿ ಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ 1, 2, 3 ಎಂದು ಎಣಿಸುತ್ತೇವೆ. ಹಿಂದಿನವು ಉದ್ದ, ಮೂಗಿನ ಕಡೆಗೆ ಬಂದಂತೆ ಗಿಡ್ಡ. ಸಾಲುಗಳ ಹಿಂದೆ ನಡುವೆ ನಾಲ್ಕು ಉದ್ದನೆಯ ಮೀಸೆಗಳಿವೆ, ಅವಕ್ಕೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎನ್ನುತ್ತೇವೆ. ಪ್ರತಿ ಮೀಸೆಗೂ ವಿಳಾಸ ಇದೆ: ಸಿ2, ಡಿ1, ಹೀಗೆ. ಇಲಿಯಿಂದ ಇಲಿಗೆ ಈ ವಿಳಾಸ ಬದಲಾಗುವುದಿಲ್ಲ. ಬೇರೆ ಬೇರೆ ಪ್ರಾಣಿಗಳಲ್ಲಿ ಅದೇ ಒಂದು ಮೀಸೆಯನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ನರವಿಜ್ಞಾನದಲ್ಲಿ ಇಷ್ಟು ಅನುಕೂಲ ಸಿಗುವುದು ಅಪರೂಪ.

ಮೀಸೆಯ ಕೂದಲಿಗೆ ಜೀವ ಇಲ್ಲ, ಅದು ಬರೀ ಒಂದು ಕಡ್ಡಿ. ಸ್ಪರ್ಶ ತಿಳಿಯುವುದು ಬುಡದಲ್ಲಿ. ಬುಡದ ಸುತ್ತ ರಕ್ತ ತುಂಬಿದ ಚೀಲದಂಥ ರಚನೆ ಇದೆ, ಅದರ ಗೋಡೆಗಳಲ್ಲಿ ನರದ ತುದಿಗಳಿವೆ. ಒಂದು ಮೀಸೆಯ ಬುಡಕ್ಕೆ ಸುಮಾರು 200 ನರತಂತುಗಳು ಬರುತ್ತವೆ. ಅವು ಟ್ರೈಜೆಮಿನಲ್ ನರದ ಮೂಲಕ ಮೆದುಳಿನ ಕಾಂಡ ತಲುಪುತ್ತವೆ. ಅಲ್ಲಿಂದ ಸಂದೇಶ ಎದುರು ಬದಿಗೆ ದಾಟಿ, ಮೆದುಳಿನ ನಡುವೆ ಇರುವ ಥಲಾಮಸ್ ಎಂಬ ನಿಲ್ದಾಣಕ್ಕೆ ಹೋಗುತ್ತದೆ. ಥಲಾಮಸ್‌ನಿಂದ ಕಾರ್ಟೆಕ್ಸ್‌ನ 4ನೇ ಪದರಕ್ಕೆ. (ಪದರಗಳನ್ನು ಮೇಲಿಂದ ಕೆಳಗೆ ಎಣಿಸುತ್ತೇವೆ, ಬ್ಯಾರೆಲ್‌ಗಳು ಇರುವುದು ಈ 4ನೆಯದರಲ್ಲೇ.) ನರಕೋಶದಿಂದ ನರಕೋಶಕ್ಕೆ ಮೂರೇ ಮೂರು ದಾಟು. ಪ್ರತಿ ನಿಲ್ದಾಣದಲ್ಲೂ ಮೀಸೆಗಳ ಸಾಲು ಹಾಗೆಯೇ ಉಳಿದಿರುತ್ತದೆ. ಕಾಂಡದಲ್ಲಿರುವ ಗುಂಪುಗಳಿಗೆ ಬ್ಯಾರೆಲೆಟ್, ಥಲಾಮಸ್‌ನಲ್ಲಿರುವವಕ್ಕೆ ಬ್ಯಾರೆಲಾಯ್ಡ್ ಎಂದು ಹೆಸರು.

ಕಾರ್ಟೆಕ್ಸ್‌ನಲ್ಲಿ ಈ ಬ್ಯಾರೆಲ್‌ಗಳನ್ನು ಗುರುತಿಸಿ ಹೆಸರಿಟ್ಟವರು ಥಾಮಸ್ ವೂಲ್ಸಿ ಮತ್ತು ಹೆಂಡ್ರಿಕ್ ವಾನ್ ಡರ್ ಲೂಸ್, 1970ರಲ್ಲಿ. ಮೆದುಳನ್ನು ಎಂದಿನಂತೆ ಮೇಲಿಂದ ಕೆಳಗೆ ಕತ್ತರಿಸದೆ, ಮೇಲ್ಮೈಗೆ ಸಮಾನಾಂತರವಾಗಿ ಕತ್ತರಿಸಿದ್ದರಿಂದ ಪೂರ್ತಿ ನಕ್ಷೆ ಒಂದೇ ನೋಟಕ್ಕೆ ಸಿಕ್ಕಿತು. ಮೂರು ವರ್ಷದ ನಂತರ ಅವರೇ ಇನ್ನೊಂದು ಸಂಗತಿ ತೋರಿಸಿದರು. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮೀಸೆಯ ಬುಡಕ್ಕೆ ಪೆಟ್ಟಾದರೆ ಅದರ ಬ್ಯಾರೆಲ್ ಸರಿಯಾಗಿ ಮೂಡುವುದೇ ಇಲ್ಲ. ಆ ಅವಧಿ ದಾಟಿದ ಮೇಲೆ ಅದೇ ಪೆಟ್ಟಿನಿಂದ ಬ್ಯಾರೆಲ್‌ನ ಆಕಾರ ಕೆಡುವುದಿಲ್ಲ. ಅಂದರೆ ಮುಖದಿಂದ ಬರುವ ನರಗಳೇ ಕಾರ್ಟೆಕ್ಸ್‌ನಲ್ಲಿ ತಮ್ಮ ಗುರುತು ಮೂಡಿಸುತ್ತವೆ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ.

ನಾನು ಹೆಚ್ಚಾಗಿ ಕೆಲಸ ಮಾಡಿದ್ದು ರ್‍ಯಾಟ್ ಎನ್ನುವ ದೊಡ್ಡ ಇಲಿಗಳ ಜೊತೆ, ಅರಿವಳಿಕೆ ಕೊಟ್ಟು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ, ಇಡಲೂ ಬಾರದು. ಯುರಿಥೇನ್ ಕೊಟ್ಟರೆ ಗಂಟೆಗಟ್ಟಲೆ ಒಂದೇ ಮಟ್ಟದ ಅರಿವಳಿಕೆ ಸಿಗುತ್ತದೆ, ಕಾರ್ಟೆಕ್ಸ್‌ನ ಪ್ರತಿಕ್ರಿಯೆಯೂ ಚೆನ್ನಾಗಿ ಉಳಿಯುತ್ತದೆ. ಆದರೆ ಆ ಇಲಿಯನ್ನು ಮತ್ತೆ ಎಬ್ಬಿಸುವಂತಿಲ್ಲ. ಹಾಗಾಗಿ ಪ್ರತಿ ಪ್ರಾಣಿಯಿಂದ ಸಿಗುವ ಪ್ರತಿ ನಿಮಿಷದ ದಾಖಲೆಗೂ ಬೆಲೆ ಇದೆ. ಯುರಿಥೇನ್ ನಮಗೂ ಒಳ್ಳೆಯದಲ್ಲ, ಕ್ಯಾನ್ಸರ್ ತರಬಲ್ಲದು. ಕೈಗವಸು ಇಲ್ಲದೆ ಮುಟ್ಟಬಾರದು. ಹಿಂಗಾಲನ್ನು ಚಿವುಟಿ, ಕಾಲು ಎಳೆದುಕೊಳ್ಳುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತೇನೆ. ಮೈಯ ಬಿಸಿಯನ್ನು 37 ಡಿಗ್ರಿಯಲ್ಲಿ ಹಿಡಿದಿಡುತ್ತೇನೆ. ಮೈ ತಣ್ಣಗಾದರೆ ಪ್ರಾಣಿಗೂ ತೊಂದರೆ, ಅಳತೆಗೂ ತೊಂದರೆ. ನರಗಳ ವೇಗ ಇಳಿಯುತ್ತದೆ, ನಾವು ಅಳೆಯಬೇಕಾದ ಮಿಲಿಸೆಕೆಂಡುಗಳೇ ಹಿಗ್ಗುತ್ತವೆ.

ಬ್ಯಾರೆಲ್ ಹುಡುಕುವುದು ಮುಂದಿನ ಕೆಲಸ. ಪುಸ್ತಕದ ಅಳತೆಯಂತೆ ತಲೆಬುರುಡೆಯ ಮೂಳೆಗಳು ಕೂಡುವ ಬ್ರೆಗ್ಮಾ ಬಿಂದುವಿನಿಂದ ಸುಮಾರು 2.5 ಮಿಲಿಮೀಟರ್ ಹಿಂದೆ, 5.5 ಮಿಲಿಮೀಟರ್ ಪಕ್ಕಕ್ಕೆ ಹೋದರೆ ಬ್ಯಾರೆಲ್ ಪ್ರದೇಶ ಸಿಗುತ್ತದೆ. ಆದರೆ ಒಂದು ಬ್ಯಾರೆಲ್‌ನ ಅಗಲ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ. ಬರೀ ಅಳತೆ ನಂಬಿ ಇಳಿದರೆ ಸಿ2 ಬೇಕಾದವರಿಗೆ ಡಿ2 ಸಿಗಬಹುದು. ಅದಕ್ಕೆ ನಾನು ಮೊದಲು ಬೆಳಕಿನ ಚಿತ್ರ ತೆಗೆಯುತ್ತೇನೆ. 1986ರಲ್ಲಿ ಅಮಿರಾಮ್ ಗ್ರಿನ್‌ವಾಲ್ಡ್ ಮತ್ತು ಸಂಗಡಿಗರು ತೋರಿಸಿದ ವಿಧಾನ ಇದು. ಬುರುಡೆಯ ಮೂಳೆಯನ್ನು ಒಳಗಿನ ರಕ್ತನಾಳ ಕಾಣುವಷ್ಟು ತೆಳುವಾಗಿ ಉಜ್ಜಬೇಕು. ಮೊದಲು ಹಸಿರು ಬೆಳಕಿನಲ್ಲಿ ರಕ್ತನಾಳಗಳ ಫೋಟೋ. ಆಮೇಲೆ ಕೆಂಪು ಬೆಳಕು ಬಿಟ್ಟು, ಒಂದು ಮೀಸೆಯನ್ನು ಕೆಲವು ಸೆಕೆಂಡು ಅಲುಗಿಸಬೇಕು. ಆ ಬ್ಯಾರೆಲ್ ಕೆಲಸ ಮಾಡಿದಾಗ ಅಲ್ಲಿನ ರಕ್ತ ಆಮ್ಲಜನಕ ಕಳೆದುಕೊಳ್ಳುತ್ತದೆ. ಆಮ್ಲಜನಕ ಇಲ್ಲದ ರಕ್ತ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ. ಬದಲಾವಣೆ ತೀರಾ ಚಿಕ್ಕದು, ಸಾವಿರದಲ್ಲಿ ಒಂದು ಪಾಲಿನ ಹತ್ತಿರ. ಹಲವು ಸಲ ಅಲುಗಿಸಿ ಸರಾಸರಿ ತೆಗೆದರೆ ಒಂದು ಕಪ್ಪು ಮಚ್ಚೆ ನಿಧಾನಕ್ಕೆ ಮೂಡುತ್ತದೆ. ಹಸಿರು ಫೋಟೋದ ಮೇಲೆ ಆ ಮಚ್ಚೆಯನ್ನು ಇಟ್ಟು ನೋಡಿದರೆ ಯಾವ ರಕ್ತನಾಳದ ಪಕ್ಕ ಇಳಿಯಬೇಕು ಎಂದು ಗೊತ್ತಾಗುತ್ತದೆ. ದೊಡ್ಡ ರಕ್ತನಾಳ ಅಡ್ಡ ಇದ್ದರೆ ಆ ಬ್ಯಾರೆಲ್ ಬಿಟ್ಟು ಪಕ್ಕದ್ದನ್ನು ಆರಿಸಿಕೊಳ್ಳುತ್ತೇನೆ. ಹಟ ಮಾಡಿದರೆ ರಕ್ತ ಸೋರುತ್ತದೆ, ರಕ್ತ ಸೋರಿದ ಜಾಗದ ನ್ಯೂರಾನ್‌ಗಳು ಸುಮ್ಮನಾಗುತ್ತವೆ.

ಎಲೆಕ್ಟ್ರೋಡ್‌ಗೆ ನಾನು ಬಳಸುವುದು ಸಿಲಿಕಾನ್ ಪ್ರೋಬ್. ಕೂದಲಿಗಿಂತ ತೆಳುವಾದ ಕಡ್ಡಿ, ಅದರ ಉದ್ದಕ್ಕೂ 100 ಮೈಕ್ರೋಮೀಟರಿಗೆ ಒಂದರಂತೆ 16 ಚಾನೆಲ್, ಅಂದರೆ ವಿದ್ಯುತ್ ಹಿಡಿಯುವ ಬಿಂದುಗಳು. ಒಂದೇ ಸಲಕ್ಕೆ ಮೇಲಿನ ಪದರದಿಂದ ಕೆಳಗಿನ ಪದರದವರೆಗೆ ಕೇಳಬಹುದು. ಬ್ಯಾರೆಲ್ ಪ್ರದೇಶ ತಲೆಯ ಪಕ್ಕಕ್ಕೆ ಇಳಿಜಾರಾಗಿದೆ. ನೇರ ಕೆಳಗೆ ಇಳಿಸಿದರೆ ಮೇಲೆ ಒಂದು ಬ್ಯಾರೆಲ್‌ನ ಕಂಬ (ಆ ಬ್ಯಾರೆಲ್‌ನ ನೇರಕ್ಕೆ ಮೇಲಿನ, ಕೆಳಗಿನ ಪದರಗಳನ್ನೂ ಸೇರಿಸಿಕೊಂಡ ಭಾಗ), ಕೆಳಗೆ ಇನ್ನೊಂದರದ್ದು ಸಿಗುತ್ತದೆ. ಅದಕ್ಕೆ ಪ್ರೋಬ್ ಹಿಡಿಯುವ ಮ್ಯಾನಿಪ್ಯುಲೇಟರನ್ನು ಓರೆ ಮಾಡಿ, ಮೇಲ್ಮೈಗೆ ಲಂಬವಾಗಿ ಇಳಿಸಬೇಕು. ತುದಿ ಮುಟ್ಟಿದಾಗ ಮೆದುಳಿನ ಮೇಲ್ಮೈ ಸ್ವಲ್ಪ ತಗ್ಗುತ್ತದೆ. ಅದು ಮತ್ತೆ ಮೇಲೆ ಬರುವವರೆಗೆ ಕಾಯಬೇಕು. ಆಮೇಲೆ ಸೆಕೆಂಡಿಗೆ ಒಂದೆರಡು ಮೈಕ್ರೋಮೀಟರ್ ವೇಗ ಸಾಕು. ಗುರಿ ತಲುಪಿದ ಮೇಲೂ ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಅವಸರಪಟ್ಟರೆ ಅರ್ಧ ದಾಖಲೆಯಲ್ಲಿ ನ್ಯೂರಾನ್‌ಗಳು ಜಾರಿಹೋಗುತ್ತವೆ.

ಕಾಯುವ ಹೊತ್ತಿನಲ್ಲಿ ಸ್ಪೈಕ್‌ಗಳನ್ನು ಸದ್ದಾಗಿ ಕೇಳಿಸುವ ಸ್ಪೀಕರ್ ಹಾಕಿ, ತೆಳುವಾದ ಮರದ ಕಡ್ಡಿಯಿಂದ ಮೀಸೆಗಳನ್ನು ಒಂದೊಂದಾಗಿ ತಟ್ಟುತ್ತೇನೆ. ಸರಿಯಾದ ಮೀಸೆ ಬಂದಾಗ ಸ್ಪೀಕರಿನಲ್ಲಿ ಚಟ್ ಎಂದು ತೀಕ್ಷ್ಣವಾಗಿ ಕೇಳುತ್ತದೆ. ಪಕ್ಕದ ಮೀಸೆಗೂ ಸದ್ದು ಬರುತ್ತದೆ, ಆದರೆ ಅದು ಹರಡಿದಂತಿರುತ್ತದೆ, ಅಂಚು ಮೊಂಡಾಗಿರುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದೇ ಈ ಕೇಳುವ ಕೆಲಸ. ಗ್ರಾಫ್ ನೋಡುವ ಮೊದಲೇ ಕಿವಿಗೆ ಸಮಯದ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಮೀಸೆ ಅಲುಗಿಸುವ ಸಾಧನ. ಪೀಜೋ ಪಟ್ಟಿ ಅಂತ ಒಂದಿದೆ. ವೋಲ್ಟೇಜ್ ಕೊಟ್ಟರೆ ಬಾಗುವ ಪುಟ್ಟ ಪಟ್ಟಿ. ಅದರ ತುದಿಗೆ ತೆಳುವಾದ ಗಾಜಿನ ಕೊಳವೆ ಅಂಟಿಸಿ, ಕೊಳವೆಯೊಳಗೆ ಮೀಸೆಯನ್ನು ತೂರಿಸುತ್ತೇನೆ. ಮುಖದಿಂದ ಸುಮಾರು 10 ಮಿಲಿಮೀಟರ್ ದೂರದಲ್ಲಿ ಹಿಡಿಯುತ್ತೇನೆ. ಕೇಳಲು ಸರಳ. ಆದರೆ ಪೀಜೋಗೆ ತನ್ನದೇ ಕಂಪನ ಇದೆ. ವೋಲ್ಟೇಜನ್ನು ಥಟ್ಟನೆ ಏರಿಸಿದರೆ ಪಟ್ಟಿ ಗುರಿ ದಾಟಿ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ಹೀಗೆ ನಡುಗುತ್ತದೆ. ಒಂದು ತಳ್ಳು ಕೊಟ್ಟಿದ್ದೇವೆ ಎಂದು ನಾವು ಅಂದುಕೊಂಡಿರುತ್ತೇವೆ, ಇಲಿಗೆ ಅದು ಹತ್ತು ತಳ್ಳಾಗಿರುತ್ತದೆ. ಮೀಸೆಯ ಬುಡದ ನರಗಳು ಈ ನಡುಕವನ್ನು ಒಂದೂ ಬಿಡದೆ ಹಿಡಿಯುತ್ತವೆ. ಹಾಗಾಗಿ ಏರುವ ಅಂಚುಗಳನ್ನು ದುಂಡಗೆ ಮಾಡಿದ ವೋಲ್ಟೇಜ್ ಕೊಡುತ್ತೇನೆ. ಲೇಸರ್ ಮತ್ತು ಫೋಟೋಡಯೋಡ್ ಇಟ್ಟು, ಪಟ್ಟಿಯ ತುದಿ ನಿಜವಾಗಿ ಎಷ್ಟು, ಯಾವಾಗ ಚಲಿಸಿತು ಎಂದು ಅಳೆಯುತ್ತೇನೆ. ಕಂಪ್ಯೂಟರ್ ಆಜ್ಞೆ ಕೊಟ್ಟ ಕ್ಷಣಕ್ಕೂ ಮೀಸೆ ಹೊರಟ ಕ್ಷಣಕ್ಕೂ ನಡುವೆ ಅಂತರ ಇರುತ್ತದೆ. ನಾವು ಅಳೆಯುತ್ತಿರುವುದೇ 7 ಮಿಲಿಸೆಕೆಂಡಿನ ಸಂಗತಿ ಆದಾಗ ಎರಡು ಮಿಲಿಸೆಕೆಂಡಿನ ಆ ಅಂತರ ಸಣ್ಣದಲ್ಲ, ಅಲ್ವಾ?

ಕೊಳವೆಯೊಳಗೆ ಮೀಸೆ ಸಡಿಲ ಇದ್ದರೂ ಅದೇ ತೊಂದರೆ. ಕೊಳವೆ ಹೊರಟ ಮೇಲೆ ಅದರ ಗೋಡೆ ಮೀಸೆಗೆ ತಾಗುವವರೆಗೆ ಸಮಯ ವ್ಯರ್ಥವಾಗುತ್ತದೆ, ಅದೂ ಪ್ರತಿ ಮೀಸೆಗೂ ಬೇರೆ ಬೇರೆ. ಅದಕ್ಕೆ ಮೀಸೆ ಕೊಳವೆಯ ಒಂದು ಗೋಡೆಗೆ ಒರಗಿಕೊಂಡೇ ಇರುವಂತೆ ಪೀಜೋವನ್ನು ಸ್ವಲ್ಪ ಸರಿಸಿ ಇಡುತ್ತೇನೆ. ಇನ್ನೆರಡು ಪರೀಕ್ಷೆಗಳನ್ನು ಎಂದೂ ಬಿಡುವುದಿಲ್ಲ. ಮೀಸೆಯನ್ನು ಕೊಳವೆಯಿಂದ ಹೊರತೆಗೆದು, ಪೀಜೋವನ್ನು ಅದೇ ಜಾಗದಲ್ಲಿ ಓಡಿಸಿ ನೋಡುತ್ತೇನೆ. ಆಗಲೂ ಸ್ಪೈಕ್‌ನಂಥದ್ದು ಕಂಡರೆ ಅದು ಪೀಜೋದ ವಿದ್ಯುತ್ ಸದ್ದು, ನ್ಯೂರಾನ್ ಅಲ್ಲ. ಪೀಜೋ ಸಣ್ಣಗೆ ಟಿಕ್ ಎನ್ನುತ್ತದೆ, ಇಲಿಗೆ ಕಿವಿ ಚುರುಕು. ಮೀಸೆ ಇಲ್ಲದೆ ಓಡಿಸಿದಾಗ ಆ ಟಿಕ್‌ಗೆ ಪ್ರತಿಕ್ರಿಯೆ ಬರುತ್ತದೆಯೇ ಎಂಬುದೂ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ದಾಖಲೆ. ಮೊದಲು ನೋಡುವುದು ಪದರ. ಚಾನೆಲ್‌ಗಳ ವೋಲ್ಟೇಜ್‌ನಿಂದ ಎಲ್ಲಿ ವಿದ್ಯುತ್ ಪ್ರವಾಹ ಕೋಶಗಳ ಒಳಗೆ ಹೋಗುತ್ತಿದೆ ಎಂದು ಲೆಕ್ಕ ಹಾಕಬಹುದು. ಮೀಸೆ ತಳ್ಳಿದ ತಕ್ಷಣ ಅತಿ ಬಲವಾಗಿ, ಬೇಗ ಒಳಹರಿವು ಕಾಣುವ ಆಳವೇ 4ನೇ ಪದರ. ರ್‍ಯಾಟ್‌ನಲ್ಲಿ ಅದು ಮುಕ್ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಆಮೇಲೆ ಅಲ್ಲಿಂದ ಮೇಲಕ್ಕೆ, 2 ಮತ್ತು 3ನೇ ಪದರಕ್ಕೆ ಹರಡುತ್ತದೆ.

ಕೆಳಗಿನ ಚಾನೆಲ್‌ಗಳಲ್ಲಿ, 5ನೇ ಪದರದ ಆಳದಲ್ಲಿ, ಕೆಲವು ನ್ಯೂರಾನ್‌ಗಳು 4ನೇ ಪದರದಷ್ಟೇ ಬೇಗ ಸ್ಪೈಕ್ ಕೊಡುವುದನ್ನು ನೋಡಿದಾಗ ನನಗೆ ತುಂಬ ಕುತೂಹಲ ಆಗಿತ್ತು. ಸಂದೇಶ 4ರಿಂದ ಮೇಲೆ ಹೋಗಿ, ಆಮೇಲೆ 5ಕ್ಕೆ ಇಳಿಯುತ್ತದೆ ಎಂದು ಓದಿದ್ದೆ. ಹಾಗಿದ್ದರೆ 5ನೆಯದು ತಡವಾಗಬೇಕು. ಕ್ರಿಸ್ಟಿನ್ ಕಾನ್‌ಸ್ಟಾಂಟಿನೋಪಲ್ ಮತ್ತು ರ್‍ಯಾಂಡಿ ಬ್ರೂನೊ 2013ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಥಲಾಮಸ್‌ನ ತಂತುಗಳು ಕೆಳಪದರಗಳನ್ನೂ ನೇರವಾಗಿ ಮುಟ್ಟುತ್ತವೆ. 4ನೇ ಪದರವನ್ನು ಮಂಕಾಗಿಸಿದರೂ 5ನೇ ಪದರ ಪ್ರತಿಕ್ರಿಯಿಸುತ್ತಲೇ ಇತ್ತು. ಒಂದು ಕಾಲದ ಅಚ್ಚುಕಟ್ಟಾದ ಬಾಣದ ಚಿತ್ರ ಇದರಿಂದ ಬದಲಾಯಿತು. ಇದರ ಸುಳಿವು ಕೊಟ್ಟಿದ್ದೂ ಸಮಯವೇ.

ನನ್ನ ದಾಖಲೆಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ತಳ್ಳುವ ವೇಗದ ಮೇಲೆ. ಒಂದೇ ಮೀಸೆ, ಒಂದೇ ದೂರ. ಬದಲಾಯಿಸಿದ್ದು ಆ ದೂರ ಕ್ರಮಿಸಲು ತೆಗೆದುಕೊಳ್ಳುವ ಸಮಯ ಮಾತ್ರ. ಬೇಗ ತಳ್ಳಿದಾಗ 4ನೇ ಪದರ ಜೋರಾಗಿ, ಒಟ್ಟಿಗೆ ಉತ್ತರಿಸುತ್ತದೆ. ನಿಧಾನಕ್ಕೆ ತಳ್ಳಿದಾಗ ಉತ್ತರ ಕುಗ್ಗುತ್ತಾ ಹೋಗುತ್ತದೆ. ಕೊನೆಯಲ್ಲಿ ಮೀಸೆ ತಲುಪುವ ಜಾಗ ಎರಡರಲ್ಲೂ ಒಂದೇ! ಡೇನಿಯಲ್ ಸೈಮನ್ಸ್ 1970ರ ದಶಕದಿಂದಲೂ ಬ್ಯಾರೆಲ್ ನ್ಯೂರಾನ್‌ಗಳ ಇಂಥ ಗುಣಗಳನ್ನು ಅಳೆಯುತ್ತಾ ಬಂದವರು. ಅವರ ಗುಂಪು ತೋರಿಸಿದ್ದು ಇದನ್ನೇ: 4ನೇ ಪದರಕ್ಕೆ ಥಲಾಮಸ್ ಒಟ್ಟು ಎಷ್ಟು ಸ್ಪೈಕ್ ಕಳಿಸಿತು ಎನ್ನುವುದಕ್ಕಿಂತ, ಮೊದಲ ಕೆಲವು ಮಿಲಿಸೆಕೆಂಡಿನಲ್ಲಿ ಎಷ್ಟು ಒಟ್ಟಾಗಿ ಕಳಿಸಿತು ಎಂಬುದು ಮುಖ್ಯ.

ಯಾಕೆ ಹೀಗೆ? ಎರಡು ಕಾರಣ ಸೇರಿಕೊಂಡಿವೆ. ಬ್ರೂನೊ ಮತ್ತು ಬರ್ಟ್ ಸಾಕ್‌ಮನ್ 2006ರಲ್ಲಿ ಥಲಾಮಸ್‌ನ ಒಂದು ನ್ಯೂರಾನ್ ಕಾರ್ಟೆಕ್ಸ್‌ನ ಒಂದು ನ್ಯೂರಾನ್‌ಗೆ ಎಷ್ಟು ಬಲ ಕೊಡುತ್ತದೆ ಎಂದು ಬದುಕಿರುವ ಇಲಿಯಲ್ಲೇ ಅಳೆದರು. ಸಿಕ್ಕಿದ್ದು ಸರಾಸರಿ ಅರ್ಧ ಮಿಲಿವೋಲ್ಟ್. ಒಂದು ಸ್ಪೈಕ್ ಹುಟ್ಟಿಸಲು ಅದು ಏನೇನೂ ಸಾಲದು. ಆದರೆ 4ನೇ ಪದರದ ಒಂದೊಂದು ನ್ಯೂರಾನ್‌ಗೂ ಥಲಾಮಸ್‌ನ ಸುಮಾರು 85 ನ್ಯೂರಾನ್‌ಗಳು ಜೋಡಣೆಯಾಗಿವೆ. ಹೂತುಹೋದ ಬಂಡಿಯನ್ನು ಒಬ್ಬೊಬ್ಬರೇ ಬಂದು ತಳ್ಳಿದರೆ ಅಲುಗುವುದಿಲ್ಲ, ಎಲ್ಲರೂ ಒಂದೇ ಏಟಿಗೆ ಹೆಗಲು ಕೊಟ್ಟರೆ ಮೇಲೆ ಬರುತ್ತದೆ. ಇಲ್ಲೂ ಹಾಗೆಯೇ.

ಎರಡನೇ ಕಾರಣ ತಡೆಯುವ ನ್ಯೂರಾನ್‌ಗಳು. ಥಲಾಮಸ್‌ನ ಅದೇ ತಂತುಗಳು ಬ್ಯಾರೆಲ್‌ನೊಳಗಿನ ವೇಗದ ತಡೆ ನ್ಯೂರಾನ್‌ಗಳನ್ನೂ ಮುಟ್ಟುತ್ತವೆ, ಅದೂ ಬಲವಾಗಿ. ಇವು ಎದ್ದು, ಒಂದೆರಡು ಮಿಲಿಸೆಕೆಂಡಿನಲ್ಲೇ ಸುತ್ತಲಿನ ನ್ಯೂರಾನ್‌ಗಳ ಬಾಯಿ ಮುಚ್ಚಿಸುತ್ತವೆ. ಸ್ಪೈಕ್ ಕೊಡಬೇಕಾದರೆ ಅಷ್ಟರೊಳಗೆ ಕೊಟ್ಟುಬಿಡಬೇಕು. ಬೇಗ ತಳ್ಳಿದ ಮೀಸೆಯ ಸಂದೇಶ ಆ ಸಣ್ಣ ಸಂದಿಯೊಳಗೆ ಒಟ್ಟಾಗಿ ನುಗ್ಗುತ್ತದೆ. ನಿಧಾನಕ್ಕೆ ತಳ್ಳಿದ್ದು ಚದುರಿ ಬರುತ್ತದೆ, ಬರುವಷ್ಟರಲ್ಲಿ ತಡೆ ಬಿದ್ದಿರುತ್ತದೆ. ನನ್ನ ದಾಖಲೆಯಲ್ಲಿ ತಡೆ ನ್ಯೂರಾನ್‌ಗಳನ್ನು ಅವುಗಳ ಸ್ಪೈಕ್‌ನ ಆಕಾರದಿಂದ ಗುರುತಿಸುತ್ತೇನೆ. ಅವುಗಳ ಸ್ಪೈಕ್ ಸಪೂರ, ಉಳಿದವುಗಳದ್ದು ಅಗಲ. ಎರಡೂ ಗುಂಪಿನ ಗ್ರಾಫನ್ನು ಒಂದರ ಮೇಲೊಂದು ಇಟ್ಟರೆ, ಸಪೂರ ಸ್ಪೈಕ್‌ಗಳು ಏರುತ್ತಿದ್ದಂತೆ ಅಗಲ ಸ್ಪೈಕ್‌ಗಳು ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಪ್ರೀತಿಯ ಗ್ರಾಫ್ ಅದು.

ಇದನ್ನು ತಿಳಿದ ಮೇಲೆ ಪಕ್ಕದ ಮೀಸೆಗಳ ವಿಷಯವೂ ಬಿಡಿಸಿಕೊಳ್ಳುತ್ತದೆ. ಒಂದು ಬ್ಯಾರೆಲ್ ಕಂಬಕ್ಕೆ ಒಂದು ಮುಖ್ಯ ಮೀಸೆ ಇರುತ್ತದೆ. ಆದರೆ ಅಲ್ಲಿನ ನ್ಯೂರಾನ್‌ಗಳು ಪಕ್ಕದ ಹಲವು ಮೀಸೆಗಳಿಗೂ ಉತ್ತರಿಸುತ್ತವೆ. ಒಟ್ಟು ಸ್ಪೈಕ್ ಎಣಿಸಿದರೆ ಕೆಲವು ನ್ಯೂರಾನ್‌ಗಳಲ್ಲಿ ಮುಖ್ಯ ಮೀಸೆ ಯಾವುದು ಎಂದು ಹೇಳುವುದೇ ಕಷ್ಟ. ಮೊದಲ ಸ್ಪೈಕ್ ಬರುವ ಸಮಯ ನೋಡಿ, ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಮುಖ್ಯ ಮೀಸೆಗೆ ಉತ್ತರ ಹತ್ತು ಮಿಲಿಸೆಕೆಂಡಿನ ಒಳಗೆ, ಪಕ್ಕದ್ದಕ್ಕೆ ಅದು ದಾಟಿದ ಮೇಲೆ. 2001ರಲ್ಲಿ ಸ್ಟೆಫಾನೊ ಪಂಝೇರಿ, ರಾಸ್ಮಸ್ ಪೀಟರ್ಸನ್, ಮ್ಯಾಥ್ಯೂ ಡೈಮಂಡ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಯಾವ ಮೀಸೆ ಅಲುಗಿತು ಎಂಬ ಮಾಹಿತಿಯ ಬಹುಪಾಲು ಪ್ರತಿ ನ್ಯೂರಾನ್‌ನ ಮೊದಲ ಸ್ಪೈಕ್‌ನ ಸಮಯದಲ್ಲೇ ಇರುತ್ತದೆ. ಅಂದರೆ ಎಲ್ಲಿ ಅನ್ನುವ ಪ್ರಶ್ನೆಗೂ ಕಾರ್ಟೆಕ್ಸ್ ಯಾವಾಗ ಅನ್ನುವುದರ ಮೂಲಕವೇ ಉತ್ತರ ಕೊಡುತ್ತಿದೆ. ಪಕ್ಕದ ಮೀಸೆಯನ್ನು 20 ಮಿಲಿಸೆಕೆಂಡು ಮೊದಲು ತಳ್ಳಿ, ಆಮೇಲೆ ಮುಖ್ಯ ಮೀಸೆಯನ್ನು ತಳ್ಳಿದರೆ ಮುಖ್ಯ ಮೀಸೆಯ ಉತ್ತರವೂ ಕುಗ್ಗುತ್ತದೆ. ಮೊದಲು ಬಂದದ್ದು ಎಬ್ಬಿಸಿದ ತಡೆ ಎರಡನೆಯದನ್ನು ಹಿಡಿದು ನಿಲ್ಲಿಸುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ರ್‍ಯಾಟ್‌ನ ಒಂದು ಬ್ಯಾರೆಲ್ ಕಂಬದಲ್ಲಿ ಸುಮಾರು 19 ಸಾವಿರ ನ್ಯೂರಾನ್‌ಗಳಿವೆ. ನನ್ನ ಪ್ರೋಬ್‌ಗೆ ಕೇಳುವುದು ಬೆರಳೆಣಿಕೆಯಷ್ಟರ ಮಾತು, ಅದೂ ಜೋರಾಗಿ ಮಾತನಾಡುವವುಗಳದ್ದು. 2 ಮತ್ತು 3ನೇ ಪದರದ ಹೆಚ್ಚಿನ ನ್ಯೂರಾನ್‌ಗಳು ಮೀಸೆ ತಳ್ಳಿದರೂ ಬಹಳ ಸಲ ಸುಮ್ಮನೆ ಇರುತ್ತವೆ. ಸ್ಪೈಕ್ ಕೊಡದ ನ್ಯೂರಾನ್ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸರಾಸರಿ ಬರೆಯುವಾಗ ನಾನು ಯಾವಾಗಲೂ ಇದು ಕೇಳಿಸಿದ ನ್ಯೂರಾನ್‌ಗಳ ಸರಾಸರಿ ಎಂದೇ ಬರೆಯುತ್ತೇನೆ. ಹಾಗೆಂದು ಒಂದೊಂದು ಸ್ಪೈಕ್‌ಗೆ ಬೆಲೆ ಇಲ್ಲ ಅಂತಲ್ಲ. ಆರ್ಥರ್ ಹೌವೆಲಿಂಗ್ ಮತ್ತು ಮೈಕಲ್ ಬ್ರೆಕ್ಟ್ 2008ರಲ್ಲಿ ಎಚ್ಚರವಿರುವ ಇಲಿಯ ಬ್ಯಾರೆಲ್ ಕಾರ್ಟೆಕ್ಸ್‌ನಲ್ಲಿ ಒಂದೇ ಒಂದು ನ್ಯೂರಾನನ್ನು ಪ್ರಚೋದಿಸಿದರು. ಕೆಲವು ಸಲ ಇಲಿ ಅದನ್ನೂ ಗುರುತಿಸಿ ನಾಲಿಗೆ ಚಾಚಿ ಉತ್ತರ ಕೊಟ್ಟಿತು. ಇದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ದಾಖಲೆ ಮುಗಿದ ಮೇಲೆ ಪ್ರೋಬ್ ನಿಜವಾಗಿ ಎಲ್ಲಿತ್ತು ಎಂದು ಸಾಬೀತು ಮಾಡಬೇಕು. ಇಳಿಸುವ ಮೊದಲೇ ಪ್ರೋಬ್‌ಗೆ ಹೊಳೆಯುವ ಕೆಂಪು ಬಣ್ಣ ಸವರಿರುತ್ತೇನೆ. ಕೊನೆಯಲ್ಲಿ ಕಾರ್ಟೆಕ್ಸ್ ಬಿಡಿಸಿ, ಎರಡು ಗಾಜಿನ ನಡುವೆ ಚಪ್ಪಟೆ ಮಾಡಿ, ಮೇಲ್ಮೈಗೆ ಸಮಾನಾಂತರವಾಗಿ ತೆಳು ಹೋಳು ಕತ್ತರಿಸುತ್ತೇನೆ. ಆಮೇಲೆ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತೋರಿಸುವ ಬಣ್ಣ. ಮಾರ್ಗರೆಟ್ ವಾಂಗ್-ರೈಲಿ 1979ರಲ್ಲಿ ಕೊಟ್ಟ ವಿಧಾನ ಇದು. ಹೆಚ್ಚು ದುಡಿಯುವ ಜಾಗದಲ್ಲಿ ಈ ಕಿಣ್ವ ಹೆಚ್ಚು, ಬಣ್ಣವೂ ಗಾಢ. 37 ಡಿಗ್ರಿಯಲ್ಲಿ ಇಟ್ಟು ಆಗಾಗ ಎತ್ತಿ ನೋಡುತ್ತಿರಬೇಕು. ಬ್ಯಾರೆಲ್‌ಗಳು ಕಂದು ಮಚ್ಚೆಗಳಾಗಿ ಸಾಲು ಸಾಲಾಗಿ ಮೂಡುತ್ತವೆ. ಜಾಸ್ತಿ ಹೊತ್ತು ಬಿಟ್ಟರೆ ನಡುವಿನ ಗೋಡೆಗಳೂ ಕಂದಾಗಿ ಎಲ್ಲ ಕಲಸಿಹೋಗುತ್ತದೆ. ಮೇಲಿನ ಹೋಳಿನಲ್ಲಿರುವ ಬಣ್ಣದ ಗುರುತನ್ನು ಕೆಳಗಿನ ಹೋಳಿನ ಬ್ಯಾರೆಲ್‌ಗೆ ಜೋಡಿಸಲು ರಕ್ತನಾಳಗಳ ತೂತುಗಳೇ ದಾರಿ. ಗುರುತು ಎರಡು ಬ್ಯಾರೆಲ್‌ಗಳ ನಡುವಿನ ಗೋಡೆಯಲ್ಲಿ ಕಂಡರೆ ಆ ದಾಖಲೆಯನ್ನು ಬೇರೆ ಇಡುತ್ತೇನೆ. ಗೋಡೆಯ ನ್ಯೂರಾನ್‌ಗಳಿಗೆ ಬರುವ ಸಂದೇಶದ ದಾರಿ ಬೇರೆ, ಸಮಯವೂ ಬೇರೆ.

ಇದೆಲ್ಲ ಅರಿವಳಿಕೆಯ ನಿದ್ದೆಯಲ್ಲಿರುವ ಇಲಿಯ ಕಥೆ. ಎಚ್ಚರವಿರುವ ಇಲಿ ಯಾರೋ ಬಂದು ಮೀಸೆ ತಳ್ಳಲಿ ಎಂದು ಕಾಯುವುದಿಲ್ಲ. ತಾನೇ ಮೀಸೆ ಬೀಸುತ್ತದೆ, ಸೆಕೆಂಡಿಗೆ 5ರಿಂದ 15 ಸಲ. ಸ್ಪರ್ಶದ ಕ್ಷಣವನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಇದನ್ನು ನೋಡಲು ಈಗ ಮೌಸ್ ಎನ್ನುವ ಚಿಕ್ಕ ಇಲಿಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ತಲೆಯನ್ನು ಮಾತ್ರ ಅಲುಗದಂತೆ ಹಿಡಿದು, ಕಾಲಡಿಗೆ ತಿರುಗುವ ಚಕ್ರ ಕೊಡುತ್ತೇವೆ. ಅಭ್ಯಾಸ ಮಾಡಿಸುವಾಗ ಅವಸರ ಸಲ್ಲದು. ಕೈಯಲ್ಲಿ ಹಿಡಿದರೆ ಹೆದರದಂತೆ ಆದ ಮೇಲೆ ಕೆಲವು ನಿಮಿಷ, ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಹೆದರಿದ ಇಲಿ ಮೀಸೆ ಬೀಸುವುದೇ ಇಲ್ಲ.

ಸಿಲ್ವೇನ್ ಕ್ರೋಶೆ ಮತ್ತು ಕಾರ್ಲ್ ಪೀಟರ್ಸನ್ 2006ರಲ್ಲಿ ತೋರಿಸಿದ್ದು ಇಲ್ಲಿ ಕಣ್ಣೆದುರೇ ಕಾಣುತ್ತದೆ. ಇಲಿ ಸುಮ್ಮನೆ ಕೂತಿದ್ದಾಗ ಮೀಸೆಯನ್ನು ಹೊರಗಿನಿಂದ ಅಲುಗಿಸಿದರೆ ಕಾರ್ಟೆಕ್ಸ್ ದೊಡ್ಡದಾಗಿ ಉತ್ತರಿಸುತ್ತದೆ. ಮೀಸೆ ಬೀಸುತ್ತಿರುವಾಗ ಅದೇ ಅಲುಗಿಗೆ ಉತ್ತರ ಚಿಕ್ಕದು. ಆದರೆ ಬೀಸುತ್ತಿರುವ ಮೀಸೆ ತಾನಾಗಿ ಎದುರಿಗಿಟ್ಟ ಒಂದು ಕಡ್ಡಿಗೆ ಬಡಿದರೆ ಉತ್ತರ ಮತ್ತೆ ತೀಕ್ಷ್ಣವಾಗಿ ಬರುತ್ತದೆ. ಬೀಸುವ ಮೀಸೆ ವೇಗವಾಗಿ ಚಲಿಸುತ್ತಿರುತ್ತದೆ, ಬಡಿದ ಕ್ಷಣದಲ್ಲಿ ಬುಡದಲ್ಲಿ ಥಟ್ಟನೆ ಬಾಗುತ್ತದೆ. ಪೀಜೋದಿಂದ ಬೇಗ ತಳ್ಳಿದಾಗ ನಿದ್ದೆಯ ಇಲಿಯಲ್ಲಿ ಕಂಡದ್ದು ಇಲ್ಲಿ ಇಲಿಯ ಸ್ವಂತ ಚಲನೆಯಿಂದಲೇ ಆಗುತ್ತಿದೆ ಎಂದು ನಾನು ತಿಳಿಯುತ್ತೇನೆ.

ಎಚ್ಚರದ ಇಲಿಯಲ್ಲಿ ಪೀಜೋ ಇಲ್ಲ, ಹಾಗಾಗಿ ಸ್ಪರ್ಶದ ಕ್ಷಣವನ್ನು ಕ್ಯಾಮೆರಾದಿಂದಲೇ ಹಿಡಿಯಬೇಕು. ಒಂದು ಸಾಲಿನ ಮೀಸೆಗಳನ್ನು ಮಾತ್ರ ಉಳಿಸಿಕೊಂಡು, ಕೆಳಗಿನಿಂದ ಇನ್‌ಫ್ರಾರೆಡ್ ಬೆಳಕು ಕೊಟ್ಟು, ಮೇಲಿನಿಂದ ವಿಡಿಯೋ ತೆಗೆಯುತ್ತೇವೆ. ಸೆಕೆಂಡಿಗೆ 500 ಚಿತ್ರ ಎಂದರೆ ಎರಡು ಚಿತ್ರಗಳ ನಡುವೆ 2 ಮಿಲಿಸೆಕೆಂಡು. ಮೀಸೆ ಬೀಸುವುದನ್ನು ನೋಡಲು ಅಷ್ಟು ಧಾರಾಳ ಸಾಕು. ಮೊದಲ ಸ್ಪೈಕ್‌ನ ಸಮಯ ಅಳೆಯಲು ಸಾಲದು. ಅದಕ್ಕೆ ನಾನು 1000 ಚಿತ್ರಗಳಿಗೆ ಏರಿಸಿದ್ದೇನೆ. ಕ್ಯಾಮೆರಾದ ಪ್ರತಿ ಚಿತ್ರಕ್ಕೂ ಒಂದು ವಿದ್ಯುತ್ ಮಿಡಿತವನ್ನು ಸ್ಪೈಕ್ ದಾಖಲಿಸುವ ಯಂತ್ರಕ್ಕೇ ಕಳಿಸುತ್ತೇನೆ. ಎರಡು ಗಡಿಯಾರಗಳನ್ನು ಆಮೇಲೆ ಹೊಂದಿಸಿಕೊಳ್ಳುತ್ತೇನೆ ಎಂದು ಬಿಡಬೇಡಿ, ಗಂಟೆಗಟ್ಟಲೆ ಓಡುವ ದಾಖಲೆಯಲ್ಲಿ ಅವು ಖಂಡಿತ ಸರಿಯುತ್ತವೆ. ಮೀಸೆ ಆ ಕಡ್ಡಿಗೆ ತಾಗಿದಂತೆ ಕಂಡ ಚಿತ್ರವನ್ನೇ ಸ್ಪರ್ಶ ಎಂದು ಗುರುತು ಹಾಕುವುದಿಲ್ಲ. ಬುಡದ ಹತ್ತಿರ ಮೀಸೆಯ ಬಾಗು ಬದಲಾದ ಮೊದಲ ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ನರಗಳಿಗೆ ಗೊತ್ತಾಗುವುದು ಆ ಬಾಗು. ಹೀಗೆ ಗುರುತು ಹಾಕಿದ ಸ್ಪರ್ಶಗಳನ್ನು ಮೀಸೆ ಬಡಿದ ವೇಗದ ಪ್ರಕಾರ ವಿಂಗಡಿಸಿ, ಪ್ರತಿ ಗುಂಪಿಗೂ ಮೊದಲ ಸ್ಪೈಕ್‌ನ ಸಮಯವನ್ನು ಬೇರೆ ಬೇರೆ ತೆಗೆಯುವ ಕೆಲಸ ಈಗ ನಡೆಯುತ್ತಿದೆ.